ಡಿಜಿಟಲ್ ಪಿಯಾನೊ ಕೊಳ್ಳುವ ಮುಂಚೆ ಅದನ್ನು ತಿರುಗಿಸಿ ಹಿಂಭಾಗ ನೋಡಿ

ಎಂಟು ತಿಂಗಳಿಂದ ನನ್ನ ಹತ್ತಿರ ಕ್ಯಾಸಿಯೊ ಪಿಎಕ್ಸ್-ಎಸ್1100 ಇದೆ. ವಾರದ ದಿನಗಳಲ್ಲಿ ಮಗಳು ಅದರ ಮೇಲೆ ಅಭ್ಯಾಸ ಮಾಡುತ್ತಾಳೆ. ಶನಿವಾರ, ಭಾನುವಾರ ಬಂತು ಅಂದರೆ ನಾನು ಅದನ್ನೇ ಬೆನ್ನಿಗೆ ಹಾಕಿಕೊಂಡು ಭಾವಗೀತೆ ಪ್ರೋಗ್ರಾಂಗೋ, ಯಾರದೋ ಮದುವೆ ರಿಸೆಪ್ಶನ್‌ಗೋ ಹೊರಡುತ್ತೇನೆ. "ಯಾವುದು ತಗೊಳ್ಳಲಿ?" ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧ ಗಂಟೆ ಕೊರೆಯುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಮೊದಲೇ ಒಂದು ಮಾತು. ಅಂಗಡಿಯಲ್ಲಿ ಬಾರಿಸಿ ನೋಡಿದ್ದರಲ್ಲಿ ನನ್ನ ಬೆರಳಿಗೆ ತುಂಬಾ ಇಷ್ಟವಾಗಿದ್ದು ಇದಲ್ಲ, ರೋಲ್ಯಾಂಡ್ ಎಫ್‌ಪಿ-10. ಆದರೂ ಅದನ್ನು ತರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಮನೆಯಲ್ಲಿ ಒಂದು 61 ಕೀಗಳ ಕೀಬೋರ್ಡ್ ಇತ್ತು. ಮಗಳ ಟೀಚರ್ ಒಂದು ದಿನ ನೇರವಾಗಿ ಕೇಳಿದರು, ಪರೀಕ್ಷೆಗೆ ಕೀಬೋರ್ಡ್ ಕಟ್ಟಿಸುತ್ತೀರೋ ಪಿಯಾನೊ ಕಟ್ಟಿಸುತ್ತೀರೋ ಅಂತ. ಎರಡೂ ಒಂದೇ ಅಲ್ವಾ ಅಂದುಕೊಂಡಿದ್ದೆ ನಾನು. ಅಲ್ಲ. ಮಗಳು ಕಟ್ಟುವ ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಯಲ್ಲಿ ಎಲೆಕ್ಟ್ರಾನಿಕ್ ಕೀಬೋರ್ಡ್‌ಗೆ ಬೇರೆ ಸಿಲಬಸ್, ಪಿಯಾನೊಗೆ ಬೇರೆ. ಪಿಯಾನೊ ಅಂದಮೇಲೆ 88 ಕೀ ಬೇಕು, ಅದೂ ತೂಕ ಇರುವ ಕೀ, ಅಂದರೆ ಒಳಗೆ ಸ್ಪ್ರಿಂಗ್ ಬದಲು ಸಣ್ಣ ಸುತ್ತಿಗೆಯಂಥ ಭಾರ ಇರುವಂಥದ್ದು. ಸ್ಪ್ರಿಂಗ್ ಕೀ ಮೇಲೆ ಕಲಿತ ಮಗು ನಿಜವಾದ ಪಿಯಾನೊ ಮುಂದೆ ಕೂತರೆ ಅರ್ಧ ಸ್ವರ ಕೇಳಿಸುವುದೇ ಇಲ್ಲ, ಬೆರಳಿಗೆ ಅಷ್ಟು ಬಲವೇ ಬಂದಿರುವುದಿಲ್ಲ.

ಇಲ್ಲೇ ನನ್ನ ಮೊದಲ ದಡ್ಡತನ ನಡೆದದ್ದು. ಆನ್‌ಲೈನ್‌ನಲ್ಲಿ ಹೆಸರೇ ಕೇಳಿಲ್ಲದ ಕಂಪನಿಯ ಒಂದು 88 ಕೀ ಪಿಯಾನೊ ತರಿಸಿದೆ, ಬೆಲೆ ಕಡಿಮೆ ಅಂತ. "ಸೆಮಿ ವೆಯಿಟೆಡ್" ಅಂತ ಬರೆದಿದ್ದರು. ಬಂದ ಮೇಲೆ ನೋಡಿದರೆ ಅದೇ ಸ್ಪ್ರಿಂಗ್, ಸ್ವಲ್ಪ ಬಿಗಿ ಮಾಡಿದ್ದಾರೆ ಅಷ್ಟೇ. ಮೆಲ್ಲಗೆ ಒತ್ತಿದರೂ ಒಂದೇ ಶಬ್ದ, ಕುಟ್ಟಿದರೂ ಒಂದೇ ಶಬ್ದ. ಮೂರನೇ ದಿನಕ್ಕೆ ವಾಪಸ್ ಹೋಯಿತು, ದುಡ್ಡು ಬರಲು ಮಾತ್ರ ಮೂರು ವಾರ. ಆದ್ದರಿಂದ "ಸೆಮಿ ವೆಯಿಟೆಡ್" ಅಂತ ಕಂಡರೆ ಪಿಯಾನೊ ಕಲಿಯುವವರು ಅದನ್ನು ಬಿಟ್ಟು ಮುಂದಕ್ಕೆ ಹೋಗಿ. "ಹ್ಯಾಮರ್ ಆಕ್ಷನ್" ಅಂತ ಬರೆದಿರಬೇಕು.

ಆಮೇಲೆ ಅಂಗಡಿಗಳಿಗೆ ಹೋಗಿ ಕೂತು ಬಾರಿಸಲು ಶುರುಮಾಡಿದೆ. ನಮ್ಮ ಹೆಡ್‌ಫೋನ್ ನಾವೇ ತಗೊಂಡು ಹೋಗುವುದು ಒಳ್ಳೆಯದು. ಅಂಗಡಿಯ ಗದ್ದಲದಲ್ಲಿ ಎಲ್ಲಾ ಪಿಯಾನೊನೂ ಒಂದೇ ಥರ ಕೇಳುತ್ತದೆ, ಅಂಗಡಿಯವರು ವಾಲ್ಯೂಮ್ ಏರಿಸಿಟ್ಟದ್ದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ನಾನು ಮಾಡಿದ್ದು ಇಷ್ಟೇ, ಒಂದೇ ಕೀ ಹಿಡಿದು ಎಷ್ಟು ಮೆಲ್ಲಗೆ ಬಾರಿಸಬಹುದು ಅಂತ ನೋಡಿದೆ. ಜೋರಾಗಿ ಬಾರಿಸಿದರೆ ಎಲ್ಲವೂ ಚೆನ್ನಾಗೇ ಇರುತ್ತವೆ. ಮೆಲ್ಲಗೆ ಬಾರಿಸುವಾಗಲೇ ಗೊತ್ತಾಗುವುದು ಯಾವುದು ನಮ್ಮ ಬೆರಳಿನ ಮಾತು ಕೇಳುತ್ತೆ ಅಂತ. ಈ ಪರೀಕ್ಷೆಯಲ್ಲಿ ಎಫ್‌ಪಿ-10 ಗೆದ್ದಿತು. ಅದರಲ್ಲಿರುವ ಪಿಎಚ್ಎ-4 ಕೀಗಳು ಈ ಬೆಲೆಯಲ್ಲಿ ನಿಜಕ್ಕೂ ದೊಡ್ಡ ವಿಷಯ. ಮೇಲ್ಮೈ ಸ್ವಲ್ಪ ತರಿತರಿ, ಬೆವರಿದರೂ ಜಾರುವುದಿಲ್ಲ. ಯಮಹಾ ಪಿ-145 ಕೂಡ ನೋಡಿದೆ, ಹಳೆಯ ಪಿ-45ರ ಜಾಗಕ್ಕೆ 2023ರಲ್ಲಿ ಬಂದದ್ದು. ತೂಕ 11.1 ಕಿಲೊ, ಶಬ್ದ ತುಂಬಾ ಸ್ಪಷ್ಟ, ಕೀ ಸ್ವಲ್ಪ ಹಗುರ. ಕೀಬೋರ್ಡ್ ಬಾರಿಸಿ ಅಭ್ಯಾಸ ಇದ್ದವರಿಗೆ ಅದು ಬೇಗ ಒಗ್ಗುತ್ತದೆ.

ಎಫ್‌ಪಿ-10 ಬಿಲ್ ಮಾಡಿಸುವ ಹೊತ್ತಿಗೆ ಅದನ್ನು ತಿರುಗಿಸಿ ನೋಡಿದೆ. ಲೈನ್ ಔಟ್, ಅಂದರೆ ಶಬ್ದವನ್ನು ಮಿಕ್ಸರ್‌ಗೆ ಕಳಿಸುವ ತೂತು, ಇಲ್ಲ. ಹೆಡ್‌ಫೋನ್‌ನ ಸಣ್ಣ 3.5 ಎಂಎಂ ತೂತು ಒಂದೇ. ಪಿ-145ನಲ್ಲೂ ಬೇರೆ ಲೈನ್ ಔಟ್ ಇಲ್ಲ, ಹೆಡ್‌ಫೋನ್ ಜ್ಯಾಕ್ ಮಾತ್ರ. ಮನೆಯಲ್ಲಿ ಬಾರಿಸುವವರಿಗೆ ಇದು ಲೆಕ್ಕಕ್ಕೇ ಇಲ್ಲ. ಸ್ಟೇಜಿಗೆ ಹೋಗುವವರಿಗೆ ಇದೇ ದೊಡ್ಡ ತಲೆನೋವು.

ನನಗೆ ಈ ತಲೆನೋವು ಹಳೇ ಕೀಬೋರ್ಡ್‌ನಲ್ಲೇ ಆಗಿತ್ತು. ಅದಕ್ಕೂ ಹೆಡ್‌ಫೋನ್ ತೂತು ಒಂದೇ. ಒಂದು ಗಣೇಶನ ಪೆಂಡಾಲಿನಲ್ಲಿ ಸೌಂಡಿನವರು ಅವರ ಹತ್ತಿರ ಇದ್ದ ಸ್ಟೀರಿಯೊ ಪಿನ್ನಿನ ಕೇಬಲ್ ಹಾಕಿ, ಇನ್ನೊಂದು ತುದಿಯನ್ನು ಸೀದಾ ಮಿಕ್ಸರ್‌ನ ಮೈಕ್ ಇನ್‌ಪುಟ್‌ಗೆ ಸಿಕ್ಕಿಸಿದರು. ಪಿಯಾನೊ ಶಬ್ದ ಬಂತು, ಆದರೆ ಒಳಗೆ ಏನೂ ಇಲ್ಲದ ಡಬ್ಬದ ಹಾಗೆ. ಹಾಡುವವರು ತಿರುಗಿ ತಿರುಗಿ ನನ್ನನ್ನೇ ನೋಡುತ್ತಿದ್ದಾರೆ, ನಾನು ಕೀ ಕುಟ್ಟುತ್ತಿದ್ದೇನೆ. ಆಗಿದ್ದು ಏನು ಅಂತ ಆಮೇಲೆ ಗೊತ್ತಾಯಿತು. ಆ ಇನ್‌ಪುಟ್ ಎರಡು ತಂತಿಯಲ್ಲಿ ಬರುವುದರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. ಸ್ಟೀರಿಯೊ ಹಾಕಿದರೆ ಎಡದಿಂದ ಬಲ ಕಳೆದುಬಿಡುತ್ತದೆ, ಎರಡರಲ್ಲೂ ಒಂದೇ ಥರ ಇರುವ ಶಬ್ದ ಪೂರ್ತಿ ಮಾಯ. ಉಳಿಯುವುದು ಅಂಚಿನ ಚೂರುಪಾರು. ಸರಿಯಾದ ಕೇಬಲ್ ಬೇರೆ, ಒಂದು ಕಡೆ ಸಣ್ಣ ಸ್ಟೀರಿಯೊ ಪಿನ್, ಇನ್ನೊಂದು ಕಡೆ ಎರಡಾಗಿ ಕವಲೊಡೆದ ಮೋನೊ ಪಿ-38, ಅಂದರೆ ದಪ್ಪ ಪಿನ್. ಅದು ಬ್ಯಾಗಲ್ಲಿ ಇದ್ದರೆ ಹೆಡ್‌ಫೋನ್ ತೂತಿನಿಂದಲೂ ಕೆಲಸ ನಡೆಯುತ್ತದೆ. ಆದರೆ ಹೆಡ್‌ಫೋನ್ ಜ್ಯಾಕ್ ಹಾಕಿದ ತಕ್ಷಣ ಪಿಯಾನೊದ ಸ್ವಂತ ಸ್ಪೀಕರ್ ಬಂದ್. ನಮ್ಮೂರ ಪ್ರೋಗ್ರಾಂಗಳಲ್ಲಿ ಮಾನಿಟರ್, ಅಂದರೆ ಸ್ಟೇಜಿನಲ್ಲಿ ಇರುವವರಿಗೆ ಕೇಳಿಸಲು ಇಡುವ ಸ್ಪೀಕರ್, ಹಾಡುವವರ ಮುಂದೆ ಇರುತ್ತದೆ, ನಮ್ಮ ಹತ್ತಿರ ಅಲ್ಲ. ನಾವು ಏನು ಬಾರಿಸುತ್ತಿದ್ದೇವೆ ಅಂತ ನಮಗೇ ಕೇಳಿಸದೆ ಎರಡು ಗಂಟೆ ಕೂರಬೇಕು.

ಅಲ್ಲಿಂದ ಹುಡುಕಾಟ ಬದಲಾಯಿತು. ಹಿಂಭಾಗದಲ್ಲಿ ದಪ್ಪ ಪಿನ್ನಿನ ಎರಡು ಲೈನ್ ಔಟ್ ಬೇಕು, ತೂಕ 12 ಕಿಲೊ ದಾಟಬಾರದು. ರೋಲ್ಯಾಂಡ್‌ನಲ್ಲೇ ಲೈನ್ ಔಟ್ ಬೇಕು ಅಂದರೆ ಎಫ್‌ಪಿ-30ಎಕ್ಸ್ ಇದೆ, ಅದು 14.8 ಕಿಲೊ. ಕಾರಿದ್ದವರಿಗೆ ಸರಿ. ನಮ್ಮ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಯಮಹಾ ಪಿ-225ರಲ್ಲಿ ಆಕ್ಸ್ ಔಟ್ ಇದೆ (ಲೈನ್ ಔಟ್‌ಗೆ ಯಮಹಾದವರ ಹೆಸರು), 11.5 ಕಿಲೊ, ಅದು ಕೊನೆಯವರೆಗೂ ಪಟ್ಟಿಯಲ್ಲಿತ್ತು. ಕೊನೆಗೆ ಕ್ಯಾಸಿಯೊ ಗೆದ್ದದ್ದು ಎರಡು ಕಾರಣಕ್ಕೆ, ಅದರ ಗಾತ್ರ ಮತ್ತು ಬ್ಯಾಟರಿ.

ಪಿಎಕ್ಸ್-ಎಸ್1100 ಹಿಂದಿನಿಂದ ಮುಂದಕ್ಕೆ ಬರೀ 232 ಮಿಲಿಮೀಟರ್. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. 11.2 ಕಿಲೊ ತೂಕ. ಮನೆಯಲ್ಲಿ ಗೋಡೆ ಪಕ್ಕ ಇಟ್ಟರೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಆಫ್ ಮಾಡಿದರೆ ಪ್ಯಾನೆಲ್ ಮೇಲೆ ಒಂದು ಅಕ್ಷರವೂ ಕಾಣಿಸದು, ಕಪ್ಪು ಕನ್ನಡಿಯ ಹಾಗೆ. ನೋಡಲು ಬಹಳ ಚೆಂದ. ಬೆರಳಿನ ಗುರುತೂ ಅಷ್ಟೇ ಚೆಂದವಾಗಿ ಕಾಣುತ್ತದೆ, ನಮ್ಮ ಮನೆಯಲ್ಲಿ ಕನ್ನಡಕ ಒರೆಸುವ ಬಟ್ಟೆ ಈಗ ಪಿಯಾನೊ ಮೇಲೇ ಇರುತ್ತದೆ.

ಆ ಸಣ್ಣ ಗಾತ್ರಕ್ಕೆ ಒಂದು ಬೆಲೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಡಬ್ಬ ಗಿಡ್ಡ ಆದ್ದರಿಂದ ಒಳಗಿನ ಕೀಯೂ ಗಿಡ್ಡ, ಅದು ತಿರುಗುವ ಬಿಂದು ಬೆರಳಿಗೆ ಹತ್ತಿರ. ಏತದ ಹಾಗೆ ಯೋಚನೆ ಮಾಡಿ, ಬುಡದ ಹತ್ತಿರ ಒತ್ತಿದರೆ ಜಾಸ್ತಿ ಬಲ ಬೇಕಲ್ವಾ? ಹಾಗೇ ಇಲ್ಲೂ. ಬಿಳಿ ಕೀಯ ತುದಿಯಲ್ಲಿ ಬಾರಿಸುವಾಗ ಏನೂ ತೊಂದರೆ ಇಲ್ಲ. ಕಪ್ಪು ಕೀಗಳು ಜಾಸ್ತಿ ಬರುವ ಕಡೆ, ಬೆರಳು ಎರಡು ಕಪ್ಪಿನ ನಡುವೆ ಒಳಕ್ಕೆ ಹೋದಾಗ, ಕೀ ಗಟ್ಟಿ ಅನ್ನಿಸುತ್ತದೆ. ಮಗಳಿಗೆ ಎರಡು ವಾರದಲ್ಲಿ ಒಗ್ಗಿತು. ನನಗೆ ಇವತ್ತಿಗೂ ಒಂದೊಂದು ಸಲ ಸ್ವರ ನುಂಗಿಹೋಗುತ್ತದೆ. ಪಾಶ್ಚಾತ್ಯ ಶಾಸ್ತ್ರೀಯವನ್ನೇ ಗಂಭೀರವಾಗಿ ಕಲಿಯುವವರು, ಮನೆ ಬಿಟ್ಟು ಎಲ್ಲಿಗೂ ಒಯ್ಯದವರು, ದಯವಿಟ್ಟು ಎಫ್‌ಪಿ-10 ಅನ್ನೇ ತಗೊಳ್ಳಿ. 12.3 ಕಿಲೊ, ಇಟ್ಟ ಜಾಗದಲ್ಲಿ ಇರಲಿ.

ಶಬ್ದ ಚೆನ್ನಾಗಿದೆ. 18 ಟೋನ್, ಅಂದರೆ ಬೇರೆ ಬೇರೆ ವಾದ್ಯದ ಶಬ್ದ, ನಾನು ಬಳಸುವುದು ನಾಲ್ಕು. 192 ಪಾಲಿಫೊನಿ ಅಂದರೆ ಒಟ್ಟಿಗೆ 192 ಸ್ವರದವರೆಗೆ ಮೊಳಗಬಹುದು, ಪೆಡಲ್ ಒತ್ತಿಹಿಡಿದು ಬಾರಿಸಿದರೂ ಹಳೆಯ ಸ್ವರ ಕತ್ತರಿಸಿ ಹೋಗುವುದು ಅಪರೂಪ. ಆದರೆ ಟೋನ್ ಬದಲಾಯಿಸುವುದು, ಟ್ರಾನ್ಸ್‌ಪೋಸ್ ಮಾಡುವುದು (ಶ್ರುತಿ ಏರಿಸುವುದು, ಇಳಿಸುವುದು) ಇತ್ಯಾದಿಗೆ ಫಂಕ್ಷನ್ ಗುಂಡಿ ಒತ್ತಿಹಿಡಿದು ಒಂದೊಂದು ಕೀ ಒತ್ತಬೇಕು. ಯಾವ ಕೀಗೆ ಏನು ಅಂತ ಬಾಯಿಪಾಠ ಮಾಡಬೇಕು. ಮನೆಯಲ್ಲಿ ಫೋನ್ ಆಪ್‌ನಿಂದ ಮಾಡಬಹುದು. ಸ್ಟೇಜ್ ಮೇಲೆ ಗಾಯಕಿ ತಿರುಗಿ "ಇವತ್ತು ಗಂಟಲು ಸರಿಯಿಲ್ಲ, ಶ್ರುತಿ ಕಪ್ಪು ಒಂದು ಬೇಡ, ಬಿಳಿ ಒಂದಕ್ಕೆ ಇಳಿಸಿ" ಅಂದಾಗ ಆಪ್ ತೆಗೆಯುತ್ತಾ ಕೂರಲು ಆಗುತ್ತಾ? ನಾನು ಸಣ್ಣ ಚೀಟಿ ಬರೆದು ಅಂಟಿಸಿಕೊಂಡಿದ್ದೇನೆ. ಆ ಕಪ್ಪು ಕನ್ನಡಿಯ ಚೆಂದ ಅಲ್ಲಿಗೆ ಮುಗಿಯಿತು.

ಇನ್ನೊಂದು ವಿಷಯ, ಇದು ನಮ್ಮವರಿಗೆ ಮುಖ್ಯ. ಪಿಚ್ ಬೆಂಡ್ ಚಕ್ರ ಇದರಲ್ಲಿ ಇಲ್ಲ. ಎಫ್‌ಪಿ-10, ಪಿ-145ರಲ್ಲೂ ಇಲ್ಲ. ಆರ್ಕೆಸ್ಟ್ರಾದಲ್ಲಿ ಕೊಳಲು, ಶಹನಾಯಿ, ಪಿಟೀಲು ಎಲ್ಲಾ ಕೀಬೋರ್ಡ್‌ನಲ್ಲೇ ಬಾರಿಸುವವರಿಗೆ ಆ ಚಕ್ರ ಇಲ್ಲದೆ ಜಾರು ಬರುವುದಿಲ್ಲ, ಗಮಕದ ಮಾತು ಬಿಡಿ. ಅಂಥವರು ಡಿಜಿಟಲ್ ಪಿಯಾನೊ ಸಹವಾಸಕ್ಕೇ ಬರಬೇಡಿ. ರೋಲ್ಯಾಂಡ್ ಎಕ್ಸ್‌ಪಿಎಸ್-10 ಥರದ 61 ಕೀ ಸಿಂಥ್ ಇವತ್ತಿಗೂ ನಿಮ್ಮ ಕೆಲಸಕ್ಕೆ ಸರಿ, ನಾಲ್ಕು ಕಿಲೊ ತೂಕ, ಭಾರತೀಯ ಟೋನ್‌ಗಳೂ ಇವೆ. ಪಿಯಾನೊ ಕೀಯೂ ಬೇಕು ಚಕ್ರವೂ ಬೇಕು ಅಂದರೆ ಕ್ಯಾಸಿಯೊದಲ್ಲೇ ಪಿಎಕ್ಸ್-ಎಸ್3100 ಇದೆ, ಜೇಬು ನೋಡಿಕೊಳ್ಳಿ. ನಾನು ಬಾರಿಸುವುದು ಪಿಯಾನೊ, ಸ್ವಲ್ಪ ಸ್ಟ್ರಿಂಗ್ಸ್. ನನಗೆ ಸಾಕು.

ಈಗ ಬ್ಯಾಟರಿ. ಆರು ಎಎ ಸೆಲ್ ಹಾಕಿದರೆ ಸುಮಾರು ನಾಲ್ಕು ಗಂಟೆ ಓಡುತ್ತದೆ ಅಂತ ಕಂಪನಿ ಹೇಳುತ್ತದೆ. ಕರೆಂಟ್ ಹೋದರೆ ಉಪಯೋಗ ಅಂದುಕೊಂಡೇ ತಗೊಂಡೆ. ಆದರೆ ಪ್ರೋಗ್ರಾಂನಲ್ಲಿ ಕರೆಂಟ್ ಹೋದರೆ ಮಿಕ್ಸರ್, ಸ್ಪೀಕರ್ ಎಲ್ಲಾ ಹೋಗುತ್ತವೆ, ನಾನೊಬ್ಬನೇ ಬಾರಿಸಿಕೊಂಡು ಕೂತರೆ ಯಾರಿಗೆ ಕೇಳಬೇಕು? ನಿಜವಾದ ಉಪಯೋಗ ಬೇರೆಯೇ ಇದೆ. ಪೆಂಡಾಲುಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ. ಸೀರಿಯಲ್ ಸೆಟ್, ಜನರೇಟರ್, ನಮ್ಮ ಅಡಾಪ್ಟರ್ ಎಲ್ಲಾ ಒಂದೇ ಬೋರ್ಡಿನಲ್ಲಿ. ಲೈನ್ ಔಟ್ ಹಾಕಿದ ಕೂಡಲೇ ಗುಂಯ್ ಅಂತ ಶುರು. ಅಡಾಪ್ಟರ್ ಕಿತ್ತು ಸೆಲ್ ಮೇಲೆ ಓಡಿಸಿದರೆ ಆ ಗುಂಯ್ ಬಹಳ ಸಲ ನಿಂತೇ ಹೋಗುತ್ತದೆ. ಇದಕ್ಕೆ ಸರಿಯಾದ ಮದ್ದು ಪಿಯಾನೊ ಮತ್ತು ಮಿಕ್ಸರ್ ನಡುವೆ ಹಾಕುವ ಡಿಐ ಬಾಕ್ಸ್ ಅನ್ನುವ ಸಣ್ಣ ಡಬ್ಬ ಅಂತ ಗೊತ್ತು, ಅದನ್ನೂ ಬ್ಯಾಗಲ್ಲಿ ಇಟ್ಟಿರುತ್ತೇನೆ. ಆದರೂ ಆರು ಸೆಲ್ ಇದ್ದರೆ ಮನಸ್ಸಿಗೆ ಸಮಾಧಾನ.

ಸ್ವಂತ ಸ್ಪೀಕರ್ 8 ವ್ಯಾಟ್‌ನ ಎರಡು. ಮನೆ ಹಾಲಿನಲ್ಲಿ ಇಪ್ಪತ್ತು ಮೂವತ್ತು ಜನ ಕೂತ ಭಜನೆಗೆ, ಸಣ್ಣ ಗೋಷ್ಠಿಗೆ ಅಷ್ಟೇ ಸಾಕಾಗುತ್ತದೆ, ಮೈಕ್ ಇಲ್ಲದೆ. ತಬಲಾ ಜೊತೆಗಿದ್ದರೆ ಸ್ವಲ್ಪ ಕಷ್ಟ. ಬ್ಲೂಟೂತ್ ಇದೆ ಅಂತ ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಬಾರಿಸುವ ಆಸೆ ಬೇಡ. ಅದು ಫೋನಿನ ಹಾಡನ್ನು ಪಿಯಾನೊ ಸ್ಪೀಕರ್‌ನಲ್ಲಿ ಕೇಳುವುದಕ್ಕೆ. ಅಭ್ಯಾಸಕ್ಕೆ ತಂತಿಯ ಹೆಡ್‌ಫೋನೇ ಬೇಕು, ತಂತಿ ಇಲ್ಲದೆ ಹೋದರೆ ಬೆರಳು ಒತ್ತಿದ ಮೇಲೆ ಶಬ್ದ ತಡವಾಗಿ ಬಂದು ತಾಳವೇ ಕೆಡುತ್ತದೆ. ಮುಂದೆ ಎರಡು ಹೆಡ್‌ಫೋನ್ ಜ್ಯಾಕ್ ಕೊಟ್ಟಿದ್ದಾರೆ, ರಾತ್ರಿ ಮಗಳ ಜೊತೆ ನಾನೂ ಒಂದನ್ನು ಹಾಕಿಕೊಂಡು ಕೂರುತ್ತೇನೆ. ಕೆಳಗಿನ ಮನೆಯವರು ಈಗ ನೋಡಿದರೆ ನಗುತ್ತಾರೆ.

ಜೊತೆಯ ಸಾಮಾನಿಗೂ ದುಡ್ಡು ಎತ್ತಿಡಿ. ಈ ಬೆಲೆಯಲ್ಲಿ ಯಾವ ಕಂಪನಿ ತಗೊಂಡರೂ ಜೊತೆಗೆ ಬರುವ ಪೆಡಲ್ ಬರೀ ಸ್ವಿಚ್ ಥರದ ಸಣ್ಣ ತುಂಡು, ಟೈಲ್ಸ್ ಮೇಲೆ ಜಾರುತ್ತಾ ಹೋಗುತ್ತದೆ. ಲೋಹದ ಪೆಡಲ್ ಬೇರೆ ತಗೊಳ್ಳಿ. ಹಿಂಭಾಗದಲ್ಲಿ ಸಣ್ಣ ಸ್ವಿಚ್ ಇರುವುದನ್ನೇ ತಗೊಳ್ಳಿ, ಯಾಕೆಂದರೆ ಕೆಲವು ಪೆಡಲ್ ಉಲ್ಟಾ ಕೆಲಸ ಮಾಡುತ್ತವೆ, ಒತ್ತಿದರೆ ಶಬ್ದ ನಿಲ್ಲುತ್ತದೆ, ಬಿಟ್ಟರೆ ಎಳೆಯುತ್ತದೆ. ಆ ಸ್ವಿಚ್ ತಿರುಗಿಸಿದರೆ ಸರಿಹೋಗುತ್ತದೆ. ಸ್ಟ್ಯಾಂಡ್ ಎರಡು ಪಟ್ಟಿಯ ಎಕ್ಸ್ ಆಗಿರಲಿ, ಒಂದು ಪಟ್ಟಿಯದು 88 ಕೀಗೆ ತೊಟ್ಟಿಲಿನ ಹಾಗೆ ತೂಗುತ್ತದೆ. ಬ್ಯಾಗ್ ಮಾತ್ರ ಬೆನ್ನಿಗೆ ಹಾಕುವಂಥದ್ದೇ ಬೇಕು. 132 ಸೆಂಟಿಮೀಟರ್ ಉದ್ದ, ಆಟೊದಲ್ಲಿ ಓರೆಯಾಗಿ ನಿಲ್ಲಿಸಿ ತಬ್ಬಿಕೊಂಡು ಕೂರಬೇಕು. "ಏನ್ ಸಾರ್ ಇದು, ಬಾಗಿಲಾ?" ಅಂತ ಕೇಳಿದ ಡ್ರೈವರ್ ಇಪ್ಪತ್ತು ರೂಪಾಯಿ ಜಾಸ್ತಿ ತಗೊಂಡರು.

ಬಜೆಟ್ ಇನ್ನೂ ಕಡಿಮೆ ಇದ್ದರೆ ಕ್ಯಾಸಿಯೊ ಸಿಡಿಪಿ-ಎಸ್110 ನೋಡಿ, 10.5 ಕಿಲೊ, ಇದೇ ಥರ ಸಪೂರ, ಸೆಲ್ ಮೇಲೂ ಓಡುತ್ತದೆ. ಲೈನ್ ಔಟ್ ಇಲ್ಲ, ಆದ್ದರಿಂದ ಮೇಲೆ ಹೇಳಿದ ಕವಲು ಕೇಬಲ್ ಮರೆಯಬೇಡಿ. ಸೆಕೆಂಡ್ ಹ್ಯಾಂಡ್ ಪರವಾಗಿಲ್ಲ ಅನ್ನುವವರು 2019ರಲ್ಲಿ ಬಂದ ಪಿಎಕ್ಸ್-ಎಸ್1000, ಇಲ್ಲವೇ ಯಮಹಾ ಪಿ-125 ಹುಡುಕಬಹುದು. ಎರಡರಲ್ಲೂ ಲೈನ್ ಹಾಕುವ ಜಾಗ ಇದೆ. ಹಳೆಯದು ಕೊಳ್ಳುವಾಗ 88 ಕೀಯನ್ನೂ ಒಂದೊಂದಾಗಿ ಮೆಲ್ಲಗೆ ಬಾರಿಸಿ ನೋಡಿ, ಮಾರುವವರು ಗೊಣಗಿದರೂ ಪರವಾಗಿಲ್ಲ. ಒಂದು ಕೀ ಮಾತ್ರ ಪಕ್ಕದವುಗಳಿಗಿಂತ ಜೋರಾಗಿ ಕಿರುಚಿದರೆ ಅದರ ಕೆಳಗಿನ ಸೆನ್ಸರ್ ಕೈಕೊಟ್ಟಿರಬಹುದು. ಸಪ್ಲೈ ಅಡಾಪ್ಟರ್ ಜೊತೆಗೇ ಬಂದಿದೆಯಾ ಅಂತಲೂ ಕೇಳಿ.