ಪೆರ್ಲದ ಅಂಗಡಿಯಲ್ಲಿ ಲಿನಕ್ಸ್ ಮಿಂಟ್: ಮೂರು ಮಳೆಗಾಲಗಳ ನಂತರ

ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯಲ್ಲಿ ನನ್ನದು ಸಣ್ಣದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. 2022ರ ಕೊನೆಯಲ್ಲಿ ನಾಲ್ಕು ಜಿಬಿ ರ‍್ಯಾಮ್‌ನ ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಮಿಂಟ್ 21ರ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿಯನ್ನು ಹಾಕಿದೆ. ಮೂರು ಮಳೆಗಾಲ ಕಳೆಯಿತು. ಕಂಪ್ಯೂಟರ್ ಕೈಕೊಟ್ಟು ಅಂಗಡಿ ಮುಚ್ಚಿದ ದಿನ ಒಂದೂ ಇಲ್ಲ. ಕರೆಂಟ್ ಹೋಗಿ ಮುಚ್ಚಿದ ದಿನಗಳ ಲೆಕ್ಕ ಬೇರೆ. 2027ರ ಏಪ್ರಿಲ್‌ವರೆಗೆ ಸುರಕ್ಷತಾ ಪರಿಷ್ಕರಣೆಗಳು ಬರುತ್ತವೆ, ಹಾಗಾಗಿ ಸದ್ಯಕ್ಕೆ ಬದಲಿಸುವ ಯೋಚನೆಯೂ ಇಲ್ಲ.

ಟೈಪಿಂಗ್ ಸುಖವಾಗಿದೆ. ಭಾಷೆಗಳನ್ನು ಟೈಪಿಸಲು ನೆರವಾಗುವ ಐಬಸ್ ತಂತ್ರಾಂಶದಲ್ಲಿ ಕಗಪ ಕೀಲಿಮಣೆ ವಿನ್ಯಾಸ ಇರುವುದರಿಂದ ಬೆರಳುಗಳು ಹೊಸದೇನನ್ನೂ ಕಲಿಯಬೇಕಾಗಲಿಲ್ಲ. ಮಲಯಾಳದ ಅರ್ಜಿ ಬಂದರೆ ಎರಡು ಕೀಲಿ ಒತ್ತಿ ಭಾಷೆ ಬದಲಿಸುತ್ತೇನೆ. ಪುತ್ತೂರು ಕಡೆಯಿಂದ ಹಳೆಯ, ಯೂನಿಕೋಡ್ ಅಲ್ಲದ ನುಡಿ ಫಾಂಟಿನ ಮದುವೆ ಕಾಗದ ಹಿಡಿದು ಬರುವವರ ಕಡತಗಳು ಮಾತ್ರ ಆ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತವೆ.

ನನ್ನನ್ನು ನಿಜವಾಗಿ ಗೋಳಾಡಿಸಿದ್ದು ಐಕಾನ್‌ಗಳು. ಕಳೆದ ವರ್ಷ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಮಿಂಟನ್ನು ಹೊಸದಾಗಿ ಸ್ಥಾಪಿಸಿದೆ. ಮಧ್ಯಾಹ್ನ ಅಂಗಡಿ ನೋಡಿಕೊಳ್ಳುವ ನನ್ನ ಹೆಂಡತಿ ಹೆಸರು ಓದುವುದಕ್ಕಿಂತ ಚಿತ್ರ ನೋಡಿ ಕೆಲಸ ಮಾಡುವವಳು. ಅವಳಿಗೆಂದು ಪ್ಯಾಪಿರಸ್ ಎಂಬ ಎದ್ದು ಕಾಣುವ ಐಕಾನ್ ಥೀಮ್, ಅಂದರೆ ಚಿತ್ರಗಳ ಒಂದು ಗುಚ್ಛ, ಹಾಕಿದೆ. ಮರುದಿನ ಬೆಳಗ್ಗೆ ನೋಡಿದರೆ ಮಿಂಟಿನ ಜೊತೆಗೇ ಬರುವ ಹಳೆಯ ಮಿಂಟ್-ವೈ ಚಿತ್ರಗಳೇ ಕುಳಿತಿವೆ! ಮತ್ತೆ ಹಾಕಿದೆ, ಸಂಜೆಯವರೆಗೆ ಇತ್ತು, ಮರುದಿನ ಮಾಯ. ಥೀಮನ್ನು ಕಿತ್ತು ಮತ್ತೆ ಸ್ಥಾಪಿಸಿದೆ. ಐಕಾನ್ ಕ್ಯಾಶ್ (ಚಿತ್ರಗಳ ತಾತ್ಕಾಲಿಕ ಸಂಗ್ರಹ) ಹೊಸದಾಗಿ ಕಟ್ಟಿಸಿದೆ. ಹಿಂದೆ ತೆರೆದಿದ್ದ ಕಿಟಕಿಗಳನ್ನು ನೆನಪಿಡುವ, ಉಳಿಸಿಟ್ಟ ಸೆಷನ್‌ಗಳನ್ನು ಅಳಿಸಿದೆ. ಥೀಮಿಗೂ ಸೆಷನ್ನಿಗೂ ಸಂಬಂಧವೇ ಇಲ್ಲ ಎಂಬುದು ಆಮೇಲೆ ತಿಳಿಯಿತು. ಎರಡು ವಾರ ಹೀಗೇ ಹೋಯಿತು.

ದಾರಿ ತೋರಿಸಿದವನು ಒಂಬತ್ತನೇ ತರಗತಿಯ ನನ್ನ ಅಳಿಯ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದೇ ಲಿನಕ್ಸಿನಲ್ಲಿ, ಹಾಗಾಗಿ ಈ ಮಕ್ಕಳಿಗೆ ನಮ್ಮ ಹೆದರಿಕೆ ಇಲ್ಲ. ಮೊದಲು ಇನ್ನೊಬ್ಬ ಬಳಕೆದಾರನ ಖಾತೆ ತೆರೆದ. ಅಲ್ಲಿ ಹಾಕಿದ ಥೀಮ್ ಅಲುಗದೆ ನಿಂತಿತು. ಅಂದರೆ ದೋಷ ಥೀಮಿನದಲ್ಲ, ನನ್ನ ಖಾತೆಯ ಕಡತ, ಸೆಟ್ಟಿಂಗ್‌ಗಳೆಲ್ಲ ಇರುವ ಹೋಮ್ ಕಡತಕೋಶದ್ದು. ನಂತರ ನನ್ನ ಖಾತೆಯಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿ, ಅಡಗಿದ್ದ ಕೋಶಗಳನ್ನು ಹೊರಗೆಳೆದು, 'ಮಾಮ, ಈ ಬೀಗ ಯಾಕೆ?' ಎಂದು ಕೇಳಿದ.

ಸೆಟ್ಟಿಂಗ್‌ಗಳನ್ನು ಇಡುವ ಕಾನ್ಫಿಗ್ ಕೋಶದ ಮೇಲೆ, ಅದರಲ್ಲಿ ಬರೆಯಲು ನನಗೆ ಅನುಮತಿ ಇಲ್ಲವೆನ್ನುವ ಪುಟ್ಟ ಬೀಗದ ಗುರುತು. ದಿನಕ್ಕೆ ಹತ್ತು ಸಲ ಕಡತ ತೆರೆಯುವ ನಾನು ಅತ್ತ ನೋಡಿರಲೇ ಇಲ್ಲ. ಹಳೆಯ ಡಿಸ್ಕಿನಿಂದ ಸೆಟ್ಟಿಂಗ್‌ಗಳನ್ನು ನಕಲು ಮಾಡುವಾಗ ನಾನೇ ಸುಡೊ (ಮುಖ್ಯಾಧಿಕಾರದಿಂದ ಆಜ್ಞೆ ಓಡಿಸುವ ವಿಧಾನ) ಬಳಸಿದ್ದೆ. ಆದ್ದರಿಂದ ಆ ಕೋಶ, ಅದರೊಳಗೆ ಥೀಮಿನ ಹೆಸರನ್ನು ಬರೆದಿಡುವ ಎಕ್ಸ್‌ಸೆಟ್ಟಿಂಗ್ಸ್ ಕಡತ, ಎಲ್ಲವೂ ರೂಟ್ ಎಂಬ ಮುಖ್ಯ ಬಳಕೆದಾರನ ಪಾಲಾಗಿದ್ದವು. ಬದಲಾವಣೆ ಲಾಗ್ ಔಟ್ ಆಗುವವರೆಗೆ ರ‍್ಯಾಮ್‌ನಲ್ಲಿ ಬದುಕುತ್ತಿತ್ತು, ಡಿಸ್ಕಿಗೆ ಇಳಿಯುತ್ತಿರಲಿಲ್ಲ. ಸಿ-ಎಚ್-ಓ-ಡಬ್ಲ್ಯು-ಎನ್ ಎಂಬ ಆಜ್ಞೆಯಿಂದ ಕಾನ್ಫಿಗ್ ಕೋಶದ ಒಡೆತನವನ್ನು ನನ್ನ ಹೆಸರಿಗೆ ಮಾಡಿಸಿ, ಥೀಮನ್ನು ಮತ್ತೊಮ್ಮೆ ಆರಿಸಿದೆವು. ಅಂದಿನಿಂದ ಪ್ಯಾಪಿರಸ್ ಕದಲಿಲ್ಲ. ಆದರೆ ಆ ಆಜ್ಞೆಯನ್ನು ನಿಮ್ಮ ಹೋಮ್ ಕೋಶದ ಹೊರಗೆ ಓಡಿಸಬೇಡಿ, ಇಡೀ ವ್ಯವಸ್ಥೆ ಕೆಡಬಹುದು.

ತಪ್ಪು ನನ್ನದೇ, ಒಪ್ಪಿದೆ. ಆದರೂ ಬರೆದಿಡಲು ಆಗದ್ದನ್ನು ಪರದೆಯ ಮೇಲೆ ಒಂದು ಸಾಲಿನಲ್ಲಿ ಹೇಳಬಾರದಿತ್ತೇ? ಆ ಮೌನಕ್ಕಾಗಿ ಒಂದು ನಕ್ಷತ್ರ ಕಳೆದು ಐದರಲ್ಲಿ ನಾಲ್ಕು ಕೊಡುತ್ತೇನೆ.

ಒಂದು ಕಿರಿಕಿರಿ ಇನ್ನೂ ಉಳಿದಿದೆ. ಮಾನಿಟರ್ ಹಾಕದೆ ಕಂಪ್ಯೂಟರ್ ಚಾಲೂ ಮಾಡಿದರೆ ಪರದೆ 1024×768ಕ್ಕೆ ಇಳಿದು, ಐಕಾನ್‌ಗಳು ಸ್ಥಳ ಬದಲಿಸಿಕೊಳ್ಳುತ್ತವೆ. 'ಮೊದಲು ಮಾನಿಟರ್' ಎಂದು ಹೆಂಡತಿ ಚೀಟಿ ಬರೆದು ಸ್ವಿಚ್ಚಿನ ಪಕ್ಕ ಅಂಟಿಸಿದ್ದಾಳೆ.