ಮೂರು ರಬ್ಬರ್ ಎಣಿಸಿಕೊಂಡು ಬಂದೆ, ಮೂರನೆಯದು ನನ್ನ ಗಾಡಿಯದೇ ಅಲ್ಲ!

ಗಾಡಿ ರಿಪೇರಿಗೆ ಕೊಟ್ಟು ಗ್ಯಾರೇಜಿನಲ್ಲಿ ಮೋಸ ಹೋದ ಕಥೆ ಇದು. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನನ್ನ ಪೆದ್ದುತನವೂ ಇದೆ. ಬರೆಯೋದೋ ಬೇಡವೋ ಅಂತ ಹತ್ತು ದಿನ ಸುಮ್ಮನಿದ್ದೆ. ಮನೆಯಲ್ಲಿ ನಕ್ಕಿದ್ದು ಇನ್ನೂ ಮುಗಿದಿಲ್ಲ. ಆದರೆ ನಮ್ಮ ಮಲೆನಾಡಿನ ಕಡೆ ಹಳೇ ಡೀಸೆಲ್ ಗಾಡಿ ಇಟ್ಟುಕೊಂಡವರು ಕಡಿಮೆ ಇಲ್ಲ. ನಾಳೆ ನೀವೂ ಇದೇ ಥರ ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಮನೆಗೆ ಬರಬಾರದು.

ನನ್ನದು 2003ರ ಕ್ವಾಲಿಸ್. ಬಿಡದಿಯಲ್ಲೇ ತಯಾರಾದ ಗಾಡಿ, ಅಪ್ಪ ತಗೊಂಡಿದ್ದು. 2005ರಲ್ಲಿ ಇನ್ನೋವಾ ಬಂದು ಕ್ವಾಲಿಸ್ ನಿಂತುಹೋಯಿತು, ನಾವು ಮಾತ್ರ ಮಾರಲಿಲ್ಲ. 2446 ಸಿಸಿ ಇಂಜಿನ್, ಓಟಕ್ಕೆ ಇವತ್ತಿಗೂ ದೂರಿಲ್ಲ. ದೂರು ಇದ್ದಿದ್ದು ನಿಂತಲ್ಲಿ ನಡುಗುತ್ತದೆ ಅನ್ನೋದು. ನ್ಯೂಟ್ರಲ್‌ನಲ್ಲಿ ನಿಲ್ಲಿಸಿದರೆ ಗೇರ್ ಲಿವರ್ ತಲೆ ಆಡಿಸೋದು, ಡ್ಯಾಶ್‌ಬೋರ್ಡ್ ಗಿರಗಿರ ಅನ್ನೋದು. ಸ್ವಲ್ಪ ಆಕ್ಸಿಲರೇಟರ್ ಒತ್ತಿದರೆ ಮಾಯ. ಇಂಥ ಗಾಡಿ ಓಡಿಸಿದವರಿಗೆ ಗೊತ್ತು, ಹೀಗೆ ಆದರೆ ಮೊದಲು ಅನುಮಾನ ಪಡೋದು ಇಂಜಿನ್ ಫೌಂಡೇಶನ್ ಮೇಲೆ, ಅಂದರೆ ಇಂಜಿನ್ ಕೂರುವ, ನಡುಕ ನುಂಗುವ ರಬ್ಬರ್‌ಗಳ ಮೇಲೆ. ಇಂಜಿನ್ನಿನ ಎಡಕ್ಕೊಂದು ರಬ್ಬರ್, ಬಲಕ್ಕೊಂದು, ಹಿಂದೆ ಗೇರ್‌ಬಾಕ್ಸ್ ಕೆಳಗೆ ಒಂದು. ಒಟ್ಟು ಮೂರು. ಈ ಮೂರು ಅನ್ನೋದನ್ನ ನೆನಪಿಟ್ಟುಕೊಳ್ಳಿ.

ತೀರ್ಥಹಳ್ಳಿ ಕಡೆಯಿಂದ ಅರವತ್ತು ಕಿಲೋಮೀಟರ್ ಓಡಿಸಿಕೊಂಡು ಶಿವಮೊಗ್ಗಕ್ಕೆ ಹೋದೆ. ದೊಡ್ಡ ಗ್ಯಾರೇಜು, ಟೈಲ್ಸ್ ಹಾಕಿದ ನೆಲ, ಕಾಯೋಕೆ ಕುರ್ಚಿ. ಹೆಸರು ಹಾಕೋದಿಲ್ಲ, ಜಗಳ ಇನ್ನೂ ಮುಗಿದಿಲ್ಲ. ಓನರ್ ಬಾನೆಟ್ ಎತ್ತಿ ಕೈ ಇಟ್ಟು ನೋಡಿದರು. "ಮೂರೂ ಹೋಗಿದೆ ಸಾರ್, ಸೆಟ್ಟೇ ಹಾಕ್ಬಿಡೋಣ" ಅಂದರು. ಸಾಮಾನಿಗೆ 6,600, ಕೂಲಿ 1,800. ಒಟ್ಟು 8,400. ಜಾಸ್ತಿ ಆಯ್ತು ಅನಿಸಿತು, ಆದರೂ ಹೂಂ ಅಂದೆ.

ಆಮೇಲೆ ಆ ಮಾತು ಬಂತು. "ಎರಡು ಗಂಟೆ ಆಗುತ್ತೆ ಸಾರ್, ಊಟ ಮಾಡ್ಕೊಂಡು ಬನ್ನಿ."

ನಾನು ಊಟಕ್ಕೆ ಹೋದೆ. ಮೆಸ್ಸಿನಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡು ಆರಾಮಾಗಿ ಉಂಡೆ. ಅದನ್ನ ನೆನೆಸಿಕೊಂಡರೆ ಈಗ ಹೊಟ್ಟೆ ಉರಿಯುತ್ತದೆ.

ವಾಪಸ್ ಬಂದಾಗ ಗಾಡಿ ರೆಡಿ. ನಾನು ಭಾರಿ ತಿಳಿದವನ ಥರ "ಹಳೇ ಸಾಮಾನು ಕೊಡಿ" ಅಂದೆ. ಮೋಸ ಮಾಡುವವರು ಹಳೇದು ಕೊಡಲ್ಲ ಅಂತ ಎಲ್ಲರೂ ಹೇಳ್ತಾರೆ, ಅಲ್ವಾ? ಇವರು ಒಂದು ಮಾತೂ ಆಡದೆ ಕೊಟ್ಟರು. ಕವರ್ ಬಿಡಿಸಿ ಎಣಿಸಿದೆ. ಒಂದು, ಎರಡು, ಮೂರು. ಎಣಿಸಿದೆ ಅಷ್ಟೇ, ನೋಡಲಿಲ್ಲ. ಮನೆಗೆ ಬಂದು ಅಪ್ಪನಿಗೂ ಹೆಮ್ಮೆಯಿಂದ ತೋರಿಸಿದೆ, ನೋಡಿ ನನ್ನ ಹತ್ರ ಆಟ ನಡೆಯಲ್ಲ ಅಂತ.

ನಡುಕ? ದಾರಿಯಲ್ಲಿ ಮಂಡಗದ್ದೆಯಲ್ಲಿ ಟೀಗೆ ನಿಲ್ಲಿಸಿದಾಗಲೇ ಗೊತ್ತಾಯಿತು. ಮೊದಲಿಗಿಂತ ಜಾಸ್ತಿ. ಮೊದಲು ಗೇರ್ ಲಿವರ್, ಡ್ಯಾಶ್‌ಬೋರ್ಡ್ ಮಾತ್ರ ಕುಣಿಯುತ್ತಿದ್ದವು, ಈಗ ಸೀಟೂ ಸೇರಿಕೊಂಡಿತ್ತು. ಕನ್ನಡಿಯಲ್ಲಿ ಹಿಂದೆ ನಿಂತ ಬಸ್ಸು ಎರಡಾಗಿ ಕಾಣುತ್ತಿತ್ತು.

ಫೋನ್ ಮಾಡಿದೆ. "ಹೊಸ ರಬ್ಬರ್ ಸಾರ್, ಗಟ್ಟಿ ಇರುತ್ತೆ. ಸಾವಿರ ಕಿಲೋಮೀಟರ್ ಓಡ್ಸಿ, ಸೆಟ್ ಆಗುತ್ತೆ." ಓಡಿಸಿದೆ. ನಿಜವಾಗಲೂ ಓಡಿಸಿದೆ ಮಾರಾಯ್ರೇ, ಕೆಲಸ ಇಲ್ಲದಿದ್ದರೂ ಕೊಪ್ಪಕ್ಕೆ ಹೋಗಿ ಬಂದೆ. ಸೆಟ್ ಆಗಲಿಲ್ಲ. ಮತ್ತೆ ಫೋನ್. ಈ ಸಲ, "ಹಾಗಾದ್ರೆ ಇಂಜಿನ್ನೇ ವೀಕ್ ಆಗಿರ್ಬೇಕು. ಪಂಪು, ನಾಝಲ್ ಮಾಡಿಸ್ಬಿಡಿ, ಹದಿನೆಂಟು ಸಾವಿರದಲ್ಲಿ ಮುಗಿಯುತ್ತೆ." ಡೀಸೆಲ್ ಒತ್ತುವ ಪಂಪು, ಅದನ್ನ ಸಿಲಿಂಡರ್ ಒಳಗೆ ಸಿಂಪಡಿಸುವ ನಾಝಲ್, ಎರಡಕ್ಕೂ ಸೇರಿ ಹದಿನೆಂಟು ಸಾವಿರ! ಫೌಂಡೇಶನ್ ಹಾಕಿದ ಮೇಲೆ ನಡುಕ ಹೆಚ್ಚಾಗಿದ್ದು ಯಾಕೆ ಅಂತ ಕೇಳಿದ್ದಕ್ಕೆ ನಗು. "ಹಳೇ ಡೀಸೆಲ್ ಗಾಡಿ ಸಾರ್, ಬೆಂಜ್ ಥರ ಇರ್ಬೇಕು ಅಂದ್ರೆ ಆಗುತ್ತಾ?" ಆ ನಗು ಇದೆಯಲ್ಲ, ಅದೇ ಇವತ್ತು ಬರೆಸುತ್ತಿರುವುದು.

ನಮ್ಮೂರ ಹತ್ತಿರ ಟ್ರ್ಯಾಕ್ಟರ್, ಜೀಪು ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ತಗಡಿನ ಶೆಡ್ಡು. ಅಲ್ಲಿಗೆ ಹೋಗೋಕೆ ನನಗೇ ಸಣ್ಣತನ ಅನಿಸಿ ಶಿವಮೊಗ್ಗಕ್ಕೆ ಹೋಗಿದ್ದು ಅನ್ನೋದನ್ನೂ ಒಪ್ಪಿಕೊಳ್ಳುತ್ತೇನೆ. ಅವರು ಇಂಜಿನ್ ಸ್ಟಾರ್ಟ್ ಮಾಡಿಸಿ, ನಾಝಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಚೂರು ಸಡಿಲಿಸಿ, ಮತ್ತೆ ಬಿಗಿ ಮಾಡಿದರು. ನಟ್ಟು ಸಡಿಲಿಸಿದರೆ ಆ ಸಿಲಿಂಡರ್‌ಗೆ ಡೀಸೆಲ್ ಹೋಗೋದಿಲ್ಲ; ಅದು ದುಡಿಯುತ್ತಿದ್ದರೆ ಸದ್ದು ಕುಗ್ಗಬೇಕು. ಪ್ರತಿ ಸಲವೂ ಇಂಜಿನ್ ಸದ್ದು ಕುಗ್ಗಿತು. "ನಾಲ್ಕೂ ಸಿಲಿಂಡರ್ ದುಡೀತಾ ಇವೆ ಗೌಡ್ರೇ. ಪಂಪು ಮುಟ್ಟೋದು ಬ್ಯಾಡ." ಐದು ನಿಮಿಷದ ಕೆಲಸ. ಹದಿನೆಂಟು ಸಾವಿರ ಉಳಿಯಿತು. (ಹಳೇ ಪಂಪಿನ ಗಾಡಿಗೆ ಮಾತ್ರ ಇದು. ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ ಆ ಪೈಪಿನ ಪ್ರೆಷರ್ ಭಯಂಕರ, ಕೈ ಹಾಕಲೇಬೇಡಿ.)

ಆಮೇಲೆ ಗಾಡಿ ಕೆಳಗೆ ಹೋದರು. ಸ್ವಲ್ಪ ಹೊತ್ತು ಮಾತಿಲ್ಲ. "ಬನ್ನಿ ಇಲ್ಲಿ" ಅಂತ ಕರೆದು ಟಾರ್ಚ್ ಕೊಟ್ಟರು.

ಮುಂದಿನ ಎರಡು ರಬ್ಬರ್ ಹೊಸವು, ನಟ್ಟಿನ ಮೇಲೆ ಸ್ಪ್ಯಾನರ್ ಉಜ್ಜಿದ ಹೊಳಪು ಇತ್ತು. ಗೇರ್‌ಬಾಕ್ಸ್ ಕೆಳಗಿನ ನಟ್ಟುಗಳ ಮೇಲೆ ಕೆಂಪು ಕೆಸರು. ಹೋದ ಮಳೆಗಾಲದ ಕೆಸರು, ಫೆಬ್ರವರಿ ಬಿಸಿಲಿಗೆ ಒಣಗಿ ಕಲ್ಲಾಗಿತ್ತು. ಅವರು ಸ್ಕ್ರೂಡ್ರೈವರ್ ತುದಿಯಿಂದ ತಟ್ಟಿದರು, ಬಿಲ್ಲೆಯಾಗಿ ಉದುರಿತು. ಒಳಗೆ ನಟ್ಟು ತುಕ್ಕು ಹಿಡಿದು ಕೂತಿದೆ. ಯಾರೂ ಮುಟ್ಟೇ ಇಲ್ಲ! ರಬ್ಬರ್ ಹರಿದು ಒಂದು ಕಡೆ ಕುಸಿದಿದೆ.

ನಾನು ಓಡಿಹೋಗಿ ಡಿಕ್ಕಿಯಿಂದ ಕವರ್ ತಂದೆ. ಮೂರು ಕೊಟ್ಟಿದ್ದಾರಲ್ಲ! ಅವರು ಮೂರನೆಯದನ್ನು ಕೈಯಲ್ಲಿ ತಿರುಗಿಸಿ ನೋಡಿದರು. "ಇದು ಸುಮೋದು ಗೌಡ್ರೇ."

ನನಗೆ ಮುಖ ಎತ್ತೋಕೆ ಆಗಲಿಲ್ಲ. ಯಾರದೋ ಸುಮೋದ ಹರಿದ ರಬ್ಬರನ್ನ ಅಪ್ಪನಿಗೆ ತೋರಿಸಿ ಮೀಸೆ ತಿರುವಿದ್ದೆ ನಾನು.

ಹಾಕಿದ ಎರಡಾದರೂ ಸರಿಯಾಗಿ ಹಾಕಿದ್ದರಾ? ಅದೂ ಇಲ್ಲ. ಇಂಜಿನ್ ಜಾಕಿ ಮೇಲೆ ತೂಗುತ್ತಿರುವಾಗಲೇ ಎಲ್ಲ ಬಿಗಿ ಮಾಡಿಬಿಟ್ಟಿದ್ದಾರೆ. ಜಾಕಿ ಇಳಿಸಿದಾಗ ಇಂಜಿನ್ ತನ್ನ ಜಾಗಕ್ಕೆ ಬರೋಕೆ ನೋಡುತ್ತದೆ, ಬೋಲ್ಟು ಬಿಡೋದಿಲ್ಲ, ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ. ತಿರುಚಿಕೊಂಡ ರಬ್ಬರ್ ನಡುಕ ನುಂಗೋದಿಲ್ಲ, ನೇರ ಚಾಸಿಗೆ (ಗಾಡಿಯ ಅಡಿ ಚೌಕಟ್ಟಿಗೆ) ದಾಟಿಸುತ್ತದೆ. ನಾಲ್ಕು ಸಿಲಿಂಡರ್ ಇಂಜಿನ್ ನಿಮಿಷಕ್ಕೆ 750 ಸುತ್ತು ತಿರುಗಿದರೆ, ಸುತ್ತಿಗೆ ಎರಡರಂತೆ ಸೆಕೆಂಡಿಗೆ 25 ಏಟು. ಆ ಏಟೆಲ್ಲ ನನ್ನ ಸೀಟಿಗೆ ಬರುತ್ತಿತ್ತು. ಇನ್ನೊಂದು, ಸಂಪ್ (ಇಂಜಿನ್ ತಳದ ಆಯಿಲ್ ತಟ್ಟೆ) ಕೆಳಗೆ ಹಲಗೆ ತುಂಡು ಕೊಡದೆ ಬರೀ ಜಾಕಿ ಇಟ್ಟಿದ್ದಾರೆ. ಜಾಕಿ ತಲೆಯ ಅಳತೆಗೆ ದುಂಡಗೆ ಒಂದು ಗುಂಡಿ ಬಿದ್ದಿದೆ.

ಹಿರಿಯರು ಮಾಡಿದ್ದು ಇಷ್ಟು. ಮೂರೂ ಕಡೆ ಬೋಲ್ಟು ಪೂರ್ತಿ ತೆಗೆಯದೆ ಎರಡೆರಡು ಸುತ್ತು ಸಡಿಲ ಬಿಟ್ಟರು. ಇಂಜಿನ್ ಭಾರ ರಬ್ಬರ್ ಮೇಲೇ ಕೂರಲಿ ಅಂತ ಟಾಮಿ (ಮೀಟುವ ಕಬ್ಬಿಣದ ಸಲಾಕೆ) ಹಾಕಿ ಒಂದೆರಡು ಸಲ ಅಲುಗಿಸಿದರು. ಸ್ಟಾರ್ಟ್ ಮಾಡಿ, ರೇಸ್ ಕೊಡಬೇಡಿ ಅಂತ ಎಚ್ಚರಿಸಿ, ಹಾಗೇ ಸ್ವಲ್ಪ ಹೊತ್ತು ಬಿಟ್ಟರು. ಇಂಜಿನ್ ತಾನಾಗೇ ಚೂರು ಬಲಕ್ಕೆ ಸರಿದು ಕೂತಿದ್ದು ಕಣ್ಣಿಗೆ ಕಂಡಿತು. ಆಫ್ ಮಾಡಿ ಬಿಗಿ ಮಾಡಿದರು. ಮುಕ್ಕಾಲು ಪಾಲು ನಡುಕ ಅಲ್ಲೇ ಹೋಯಿತು. ಹಿಂದಿನ ರಬ್ಬರ್ ನಾನೇ ಅಂಗಡಿಯಿಂದ 1,150ಕ್ಕೆ ತಂದುಕೊಟ್ಟೆ, ಮಾರನೇ ದಿನ ಹಾಕಿದರು. ಎರಡು ದಿನದ ಕೂಲಿ 700.

ಫೋಟೋ ಎಲ್ಲ ಶಿವಮೊಗ್ಗಕ್ಕೆ ಕಳಿಸಿದೆ. ನೀಲಿ ಟಿಕ್ ಬಿತ್ತು, ಉತ್ತರ ಇಲ್ಲ. ಸಂಜೆ ಬಂತು. "ಹುಡುಗ ಮರೆತಿರ್ಬೇಕು. ಗಾಡಿ ತನ್ನಿ, ಫ್ರೀಯಾಗಿ ಹಾಕ್ಕೊಡ್ತೀವಿ." ಫ್ರೀ ಅಂತೆ! ದುಡ್ಡು ತಗೊಂಡಿದ್ದೀರಲ್ಲ ಸ್ವಾಮಿ. ಹುಡುಗ ಹಾಕೋದು ಮರೆತ, ಸುಮೋ ರಬ್ಬರ್ ಹುಡುಕಿ ಕವರ್‌ಗೆ ತುಂಬೋದು ಮಾತ್ರ ಮರೆಯಲಿಲ್ವಾ? ಅದಕ್ಕೆ ಬಂದ ಉತ್ತರ: "ಬಿಲ್ ಇದ್ಯಾ ನಿಮ್ಮತ್ರ?" ಇರೋದು ಎಸ್ಟಿಮೇಟ್ ಅಂತ ಬರೆದ ಚೀಟಿ. ಜಿಎಸ್‌ಟಿ ನಂಬರ್ ಇಲ್ಲ, ಸೀಲ್ ಇಲ್ಲ, ಅಂಗಡಿ ಹೆಸರೂ ಇಲ್ಲ. ನಾನು ಅದನ್ನೂ ನೋಡಿರಲಿಲ್ಲ. ಮಾರನೇ ದಿನದಿಂದ ನನ್ನ ನಂಬರ್ ಬ್ಲಾಕ್.

ಹಾಗಾಗಿ ಹೇಳೋದು, ಹಳೇ ಸಾಮಾನು ಕೊಟ್ಟರು ಅಂತ ನಂಬಬೇಡಿ. ಬಿಚ್ಚುವ ಮೊದಲು ನೀವೇ ಸುಣ್ಣವೋ ಪೇಂಟೋ ಹಚ್ಚಿ ಗುರುತು ಮಾಡಿ. ಬೋಲ್ಟು ಬಿಗಿ ಮಾಡುವಾಗ ಜಾಕಿ ಇಳಿಸಿದ್ದಾರಾ ನೋಡಿ. ಪಕ್ಕಾ ಬಿಲ್ ಕೇಳಿ. ಮುಖ್ಯವಾಗಿ ಊಟಕ್ಕೆ ಹೋಗಬೇಡಿ. ಉಪವಾಸ ಇದ್ದರೂ ಪರವಾಗಿಲ್ಲ, ಅಲ್ಲೇ ನಿಂತಿರಿ.

ಸಂಪ್‌ನ ಗುಂಡಿ ಇನ್ನೂ ಹಾಗೇ ಇದೆ. ಮುಂದಿನ ಸಲ ಆಯಿಲ್ ಬದಲಿಸುವಾಗ ಬಿಚ್ಚಿ ಬಡಿದು ಸರಿ ಮಾಡೋಣ ಅಂದಿದ್ದಾರೆ ಹಿರಿಯರು. ಅವರ ಮೇಲೆ ನನಗೇನೂ ಅನುಮಾನ ಇಲ್ಲ. ಆದರೂ ಅವತ್ತು ಬುತ್ತಿ ಕಟ್ಟಿಸಿಕೊಂಡೇ ಹೋಗ್ತೀನಿ.