ಬಹಾಮಾಸ್‌ನಲ್ಲಿ ಹಾಯಿದೋಣಿ ಬಾಡಿಗೆ: ಅಬಾಕೋನಾ, ಎಕ್ಸುಮಾನಾ?

ಮನೆಮಂದಿ ಜೊತೆ ಮೊದಲ ಸಲ ದೋಣಿ ಬಾಡಿಗೆಗೆ ಹಿಡಿಯುವವರಿಗೆ ನಾನು ಹೇಳುವುದು ಅಬಾಕೋ ದ್ವೀಪಗಳು. ಒಂದು ಕಡೆ ಗ್ರೇಟ್ ಅಬಾಕೋ ಎಂಬ ದೊಡ್ಡ ದ್ವೀಪ, ಇನ್ನೊಂದು ಕಡೆ ಸಾಲುಸಾಲು ಪುಟ್ಟ ದ್ವೀಪಗಳು, ನಡುವೆ ಆಳವಿಲ್ಲದ ನೀರು, ಹಾಗಾಗಿ ಅಟ್ಲಾಂಟಿಕ್‌ನ ದೊಡ್ಡ ಅಲೆಗಳು ಒಳಗೆ ಅಷ್ಟಾಗಿ ನುಗ್ಗುವುದಿಲ್ಲ. ದೊಡ್ಡ ದ್ವೀಪದ ಮಾರ್ಷ್ ಹಾರ್ಬರ್ ಊರಿನಿಂದ ಪುಟ್ಟ ದ್ವೀಪದ ಹೋಪ್ ಟೌನ್ ಕೆಲವೇ ಮೈಲಿ. ಅಲ್ಲಿನ ಕೆಂಪು-ಬಿಳಿ ಪಟ್ಟೆಯ ದೀಪಸ್ತಂಭ ಸೀಮೆಎಣ್ಣೆ ದೀಪದ್ದು, ಮೆಟ್ಟಿಲು ಹತ್ತಿ ನೋಡಲೇಬೇಕು. ಬೆಳಿಗ್ಗೆ ಕಾಫಿ ಮುಗಿಸಿ ಹೊರಟರೆ ಮಧ್ಯಾಹ್ನದೊಳಗೆ ಮುಂದಿನ ಊರು, ಅವಸರವೇ ಇಲ್ಲ. ಒಂದೇ ಎಚ್ಚರ: ಗ್ರೀನ್ ಟರ್ಟಲ್ ಕೇಗೆ (ಕೇ ಅಂದರೆ ಪುಟ್ಟ ದ್ವೀಪ) ಹೋಗುವಾಗ ವೇಲ್ ಕೇ ಹತ್ತಿರ ಸಾಮಾನ್ಯವಾಗಿ ತೆರೆದ ಸಮುದ್ರಕ್ಕೆ ಬರಬೇಕು, ಅಲೆ ಜೋರಿದ್ದರೆ ಸುಮ್ನೆ ಕಾಯಿರಿ. 2019ರ ಡೋರಿಯನ್ ಚಂಡಮಾರುತ ಇಲ್ಲಿ ತುಂಬಾ ಹಾಳು ಮಾಡಿತ್ತು, ಆದ್ದರಿಂದ ಹಳೆಯ ಗೈಡ್ ಪುಸ್ತಕ ನಂಬಿ ಹೋಗಬೇಡಿ.

ಎಕ್ಸುಮಾ ದ್ವೀಪಗಳು ನೋಡಲು ಇನ್ನೂ ಚೆಂದ, ಅದರಲ್ಲಿ ಎರಡು ಮಾತಿಲ್ಲ. ನೀರು ಎಷ್ಟು ತಿಳಿ ಅಂದರೆ ಲಂಗರು ಮರಳಿನಲ್ಲಿ ಕೂತಿರುವುದು ಮೇಲಿಂದಲೇ ಕಾಣುತ್ತದೆ. 1958ರಲ್ಲಿ ಶುರುವಾದ ಸಂರಕ್ಷಿತ ಉದ್ಯಾನ ಇಲ್ಲೇ ಇದೆ. ಅದರೊಳಗೆ ಮೀನು ಹಿಡಿಯುವಂತಿಲ್ಲ, ಚಿಪ್ಪು ಹೆಕ್ಕುವಂತಿಲ್ಲ. ಈಜುವ ಹಂದಿಗಳೂ ಈ ಕಡೆಯವೇ.

ಆದರೆ ಶ್ರಮ ಜಾಸ್ತಿ. ರಾಜಧಾನಿ ನಸ್ಸೌನಿಂದ ಹೊರಟರೆ ಮೊದಲ ದಿನವೇ ದೂರದ ಓಟ, ದಾರಿಯಲ್ಲಿ ಹವಳದ ಬಂಡೆಗಳು, ಬಿಸಿಲು ಮೇಲಿದ್ದಾಗಲೇ ಅವು ಸರಿಯಾಗಿ ಕಾಣುವುದು. ಚಳಿಗಾಲದಲ್ಲಿ ಗಾಳಿ ಪಶ್ಚಿಮಕ್ಕೆ ತಿರುಗಿದರೆ ಲಂಗರು ಹಾಕಲು ಮರೆಯಾದ ಜಾಗ ಕಡಿಮೆ. ಅಂಗಡಿಗಳೂ ದೂರ ದೂರ, ದಿನಸಿ ನಸ್ಸೌನಲ್ಲೇ ತುಂಬಿಕೊಳ್ಳಿ. ಅನುಭವ ಇಲ್ಲದಿದ್ದರೆ ದೋಣಿ ನಡೆಸುವವರನ್ನೂ ಗೊತ್ತು ಮಾಡಿಕೊಳ್ಳಿ. ಎರಡಕ್ಕೂ ಏಪ್ರಿಲ್, ಮೇ ಒಳ್ಳೆಯದು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ.